ಉಸಿರು ಸಾಲದು ಎನ್ನುವುದು ಮಿದುಳು

ಓದುಗರ ಪ್ರಶ್ನೆ, ತಜ್ಞರ ಉತ್ತರ

ಉಸಿರಿನ ತೊಂದರೆಯ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ಒಂದೇ ನಂಬಿಕೆ ಕಾಣುತ್ತದೆ: ಉಸಿರು ಸಾಲದೆನಿಸಿದರೆ ರಕ್ತದಲ್ಲಿ ಆಮ್ಲಜನಕ ಇಳಿದಿದೆ, ಹಾಗೆನಿಸದಿದ್ದರೆ ಎಲ್ಲ ಸರಿಯಿದೆ. ಎರಡೂ ತಪ್ಪು. ಎರಡನೆಯದಂತೂ ಜೀವಕ್ಕೇ ಅಪಾಯ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ತುಂಬಾ ವರ್ಷ ಬೀಡಿ ಸೇದಿದವರು, ಈಗ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇದೆ ಎಂದಿದ್ದಾರೆ. ಸ್ನಾನ ಮುಗಿಸಿ ಬಂದರೆ ಸಾಕು, ‘ಗಾಳಿ ಸಾಲ್ತಾ ಇಲ್ಲ’ ಎಂದು ಒದ್ದಾಡುತ್ತಾರೆ. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಆಮ್ಲಜನಕ ಶೇ 95 ತೋರಿಸುತ್ತದೆ. ಮನೆಯಲ್ಲಿ ಕೆಲವರು ಬರೀ ಗಾಬರಿ ಅಂತಾರೆ. ಆಮ್ಲಜನಕದ ಯಂತ್ರ ತರಿಸಬೇಕೇ? — ಹಾಸನದ ಓದುಗರು

ಉತ್ತರ: ಅವರು ಹೇಳುತ್ತಿರುವುದು ನಿಜ, ಆಕ್ಸಿಮೀಟರ್ ತೋರಿಸುತ್ತಿರುವುದೂ ನಿಜ. ಎರಡೂ ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತಿವೆ, ಅಷ್ಟೆ.

ಉಸಿರಾಟದ ಆಜ್ಞೆ ಹೊರಡುವುದು ಮಿದುಳಿನ ಬುಡದಲ್ಲಿರುವ ಮೆಡುಲ್ಲಾದಿಂದ. ಆ ಆಜ್ಞೆ ನರಗಳ ಮೂಲಕ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಾದ ವಪೆಗೆ, ಪಕ್ಕೆಲುಬಿನ ಸ್ನಾಯುಗಳಿಗೆ ಹೋಗುವ ಹೊತ್ತಿಗೇ ಅದರ ಒಂದು ಪ್ರತಿ ಮಿದುಳಿನ ಮೇಲಿನ ಭಾಗಗಳಿಗೂ ತಲುಪುತ್ತದೆ. ಇತ್ತ ಶ್ವಾಸಕೋಶ ಎಷ್ಟು ಹಿಗ್ಗಿತು, ಎದೆಗೂಡು ಎಷ್ಟು ಅಲುಗಿತು ಎಂಬ ವರದಿ ವಾಪಸು ಬರುತ್ತದೆ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ತಾಳೆಯಾದರೆ ಉಸಿರಾಡುತ್ತಿದ್ದೇವೆ ಎಂಬುದೇ ನಮ್ಮ ಗಮನಕ್ಕೆ ಬರುವುದಿಲ್ಲ. ತಾಳೆಯಾಗದಿದ್ದರೆ ‘ಸಾಲದು’ ಎಂಬ ಅನುಭವ ಹುಟ್ಟುತ್ತದೆ.

ನಿಮ್ಮ ತಂದೆಯವರಲ್ಲಿ ತಾಳ ತಪ್ಪುವುದು ಹೀಗೆ. ಸಿಒಪಿಡಿಯಲ್ಲಿ ಸಣ್ಣ ಶ್ವಾಸನಾಳಗಳು ಕಿರಿದಾಗಿರುವುದರಿಂದ ಗಾಳಿ ಹೊರಗೆ ಹೋಗಲು ಹೆಚ್ಚು ಹೊತ್ತು ಬೇಕು. ಸ್ನಾನದ ವೇಳೆ ಕೈ ಎತ್ತಿ ನೀರು ಹೊಯ್ದುಕೊಳ್ಳುವಾಗ, ಮೈ ಒರೆಸಿಕೊಳ್ಳುವಾಗ ಉಸಿರಿನ ವೇಗ ಏರುತ್ತದೆ, ಹೊರಬಿಡಲು ಸಿಗುವ ಸಮಯ ತಗ್ಗುತ್ತದೆ. ಹಳೆಯ ಗಾಳಿ ಪೂರ್ತಿ ಹೋಗುವ ಮೊದಲೇ ಮುಂದಿನ ಉಸಿರು ಶುರು. ನಾಲ್ಕೈದು ನಿಮಿಷದಲ್ಲಿ ಎದೆ ಗಾಳಿಯಿಂದ ಉಬ್ಬಿಕೊಂಡು, ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗಾಗುತ್ತದೆ. ಮಿದುಳು ಆಜ್ಞೆಯನ್ನು ಜೋರು ಮಾಡುತ್ತದೆ, ಎದೆ ಮಾತ್ರ ಅಲ್ಪಸ್ವಲ್ಪ ಅಲುಗುತ್ತದೆ. ರಕ್ತದಲ್ಲಿ ಆಮ್ಲಜನಕ ಸಾಕಷ್ಟಿರಬಹುದು; ಆಜ್ಞೆಗೆ ತಕ್ಕ ಚಲನೆ ಮಾತ್ರ ಇಲ್ಲ.

ಹಾಗಾದರೆ ಗಾಬರಿ ಏನೂ ಮಾಡುವುದಿಲ್ಲವೇ? ಮಾಡುತ್ತದೆ. ಗಾಬರಿಯಾದರೆ ಉಸಿರು ಇನ್ನೂ ವೇಗವಾಗುತ್ತದೆ, ಗಾಳಿ ಇನ್ನೂ ಹೆಚ್ಚು ಸಿಕ್ಕಿಕೊಳ್ಳುತ್ತದೆ. ಆದರೆ ಅದು ತೊಂದರೆಯನ್ನು ಏರಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ‘ಏನೂ ಇಲ್ಲ, ಸುಮ್ನಿರಿ’ ಎಂದು ಸುತ್ತಲಿನವರು ಹೇಳಿದಷ್ಟೂ ಹೆದರಿಕೆ ಹೆಚ್ಚುತ್ತದೆ.

ಆ ಹೊತ್ತಿಗೆ ಮಾಡಬೇಕಾದ್ದು: ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತು ಮೊಣಕೈಗಳನ್ನು ತೊಡೆಯ ಮೇಲೋ ಮೇಜಿನ ಮೇಲೋ ಊರಲಿ. ಇದರಿಂದ ಭುಜ, ಕತ್ತಿನ ಸ್ನಾಯುಗಳು ಉಸಿರಾಟಕ್ಕೆ ನೆರವಾಗುತ್ತವೆ, ವಪೆಗೂ ಕೆಲಸ ಹಗುರ. ‘ಉಸಿರು ಎಳ್ಕೊಳ್ಳಿ’ ಎಂದು ಹೇಳಬೇಡಿ, ಮೊದಲು ಬಿಡಬೇಕು. ಸೀಟಿ ಹೊಡೆಯುವವರಂತೆ ತುಟಿ ಕಿರಿದು ಮಾಡಿ ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡುವುದು, ಬಾಯಿ ಮುಚ್ಚಿ ಮೂಗಿನಿಂದ ಎರಡು ಎಣಿಸುವಷ್ಟು ಎಳೆದುಕೊಳ್ಳುವುದು. ಕಿರಿದಾದ ತುಟಿಯಿಂದ ಒಳಗೆ ಸ್ವಲ್ಪ ಒತ್ತಡ ನಿಂತು, ಸಣ್ಣ ನಾಳಗಳು ಕುಸಿಯದೆ ತೆರೆದಿರುತ್ತವೆ. ಬಲವಾಗಿ ಊದಿದರೆ ಅದೇ ನಾಳಗಳು ಮುಚ್ಚಿಕೊಳ್ಳುತ್ತವೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಸ್ನಾನವನ್ನು ಸ್ಟೂಲಿನ ಮೇಲೆ ಕೂತು ಮಾಡಲಿ, ಬಚ್ಚಲಿನ ಕಿಟಕಿ ತೆರೆದಿರಲಿ. ನಾಳ ಹಿಗ್ಗಿಸುವ ಇನ್‌ಹೇಲರ್ ಅನ್ನು ಸ್ನಾನಕ್ಕೆ ಹದಿನೈದು ನಿಮಿಷ ಮುಂಚೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ.

ಇನ್ನು ಯಂತ್ರದ ಮಾತು. ಮನೆಯಲ್ಲಿ ದೀರ್ಘಕಾಲ ಆಮ್ಲಜನಕ ಕೊಡಲು ಶಿಫಾರಸು ಮಾಡುವುದು ಸಾಮಾನ್ಯವಾಗಿ ವಿಶ್ರಾಂತಿಯಲ್ಲೂ ಪ್ರಮಾಣ ಶೇ 88 ಅಥವಾ ಅದಕ್ಕಿಂತ ಕೆಳಗೆ ನಿಂತಾಗ. ಆಮ್ಲಜನಕ ತೀರಾ ಇಳಿದಿರದ, ಆದರೆ ತೀವ್ರ ಏದುಸಿರಿದ್ದ ರೋಗಿಗಳ ಮೇಲೆ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೂಗಿನ ನಳಿಕೆಯಲ್ಲಿ ಆಮ್ಲಜನಕ ಕೊಟ್ಟವರಿಗೂ ಬರೀ ಗಾಳಿ ಕೊಟ್ಟವರಿಗೂ ವ್ಯತ್ಯಾಸ ಕಾಣಲಿಲ್ಲ ಎಂದಿತು. ಸಿಒಪಿಡಿಯ ಕೆಲವರಲ್ಲಿ ಬೇಕಾಬಿಟ್ಟಿ ಆಮ್ಲಜನಕದಿಂದ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುವುದೂ ಉಂಟು. ಅದಕ್ಕೇ ಆಸ್ಪತ್ರೆಯಲ್ಲಿ ಇಂಥವರಿಗೆ 88ರಿಂದ 92ರ ಗುರಿ ಇಟ್ಟುಕೊಳ್ಳುತ್ತಾರೆ. ಆದರೆ ಒಂದು ಪರೀಕ್ಷೆ ಬಾಕಿ ಇದೆ. ಕೂತಾಗ 95 ಇದ್ದವರು ನಡೆದಾಗ 86ಕ್ಕೆ ಇಳಿಯಬಹುದು. ಆರು ನಿಮಿಷದ ನಡಿಗೆಯ ಪರೀಕ್ಷೆ ಮಾಡಿಸಿ.

ಯಂತ್ರಕ್ಕೆ ಹಾಕುವ ಹಣವನ್ನು ಪಲ್ಮನರಿ ರಿಹ್ಯಾಬಿಲಿಟೇಷನ್‌ಗೆ ಹಾಕುವುದು ಲೇಸು. ಆರರಿಂದ ಎಂಟು ವಾರ, ವಾರಕ್ಕೆ ಎರಡು ಮೂರು ದಿನ, ಉಸ್ತುವಾರಿಯಲ್ಲಿ ನಡಿಗೆ ಮತ್ತು ಕೈಕಾಲಿನ ವ್ಯಾಯಾಮ. ಕಾಲಿನ ಸ್ನಾಯು ಬಲಗೊಂಡರೆ ಅಷ್ಟೇ ಕೆಲಸಕ್ಕೆ ಉತ್ಪತ್ತಿಯಾಗುವ ಆಮ್ಲ ಕಡಿಮೆ, ಬೇಕಾಗುವ ಉಸಿರೂ ಕಡಿಮೆ. ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿಯ ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಏದುಸಿರು ಮಾತ್ರ ತಗ್ಗುತ್ತದೆ. ಶ್ವಾಸಕೋಶ ಬದಲಾಗದೆ ಅನುಭವ ಬದಲಾಗುವುದಕ್ಕೆ ಇನ್ನೊಂದು ಕಾರಣ, ಏದುಸಿರು ಬಂದರೂ ಜೀವ ಹೋಗುವುದಿಲ್ಲ ಎಂಬುದನ್ನು ಮಿದುಳು ಅಭ್ಯಾಸದಿಂದ ಕಲಿಯುವುದು.

ಪ್ರಶ್ನೆ: ಕೋವಿಡ್ ಕಾಲದಲ್ಲಿ ನಮ್ಮ ದೊಡ್ಡಮ್ಮನ ಆಮ್ಲಜನಕ 80ಕ್ಕೆ ಇಳಿದಿದ್ದರೂ ಅವರು ಆರಾಮಾಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಅವರಿಗೇಕೆ ಏನೂ ಅನಿಸಲಿಲ್ಲ? — ಧಾರವಾಡದ ಓದುಗರು

ಉತ್ತರ: ‘ಉಸಿರಾಡು’ ಎಂದು ಒತ್ತಾಯಿಸುವ ಮುಖ್ಯ ಸಂಕೇತ ಆಮ್ಲಜನಕದ ಕೊರತೆಯಲ್ಲ, ಇಂಗಾಲದ ಡೈಆಕ್ಸೈಡಿನ ಏರಿಕೆ. ಅಪಧಮನಿಯ ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ 35ರಿಂದ 45 ಮಿ.ಮೀ. ಪಾದರಸ. ಕೆಲವೇ ಮಿ.ಮೀ. ಏರಿದರೂ ಮೆಡುಲ್ಲಾದ ಸಂವೇದಕಗಳು ಎಚ್ಚೆತ್ತುಕೊಳ್ಳುತ್ತವೆ. ಆಮ್ಲಜನಕವನ್ನು ಗಮನಿಸುವುದು ಕತ್ತಿನ ಎರಡೂ ಬದಿ ಕೆರಾಟಿಡ್ ರಕ್ತನಾಳ ಕವಲೊಡೆಯುವಲ್ಲಿರುವ ಪುಟ್ಟ ಕೆರಾಟಿಡ್ ಕಾಯಗಳು. ಉಸಿರಾಟದ ನಿಯಂತ್ರಣದಲ್ಲಿ ಇವುಗಳ ಪಾತ್ರ ತೋರಿಸಿದ್ದಕ್ಕೆ ಬೆಲ್ಜಿಯಂನ ಕಾರ್ನೇ ಹೇಮಾನ್ಸ್ ಅವರಿಗೆ 1938ರ ನೊಬೆಲ್ ಬಂತು. ಆಮ್ಲಜನಕದ ಒತ್ತಡ ಸುಮಾರು 60 ಮಿ.ಮೀ.ಗಿಂತ, ಅಂದರೆ ಆಕ್ಸಿಮೀಟರಿನಲ್ಲಿ ಸರಿಸುಮಾರು 90ಕ್ಕಿಂತ ಕೆಳಗೆ ಹೋಗುವ ತನಕ ಇವು ಜೋರಾಗಿ ಕೂಗುವುದಿಲ್ಲ. ವಯಸ್ಸಾದವರಲ್ಲಿ, ಹಲವು ವರ್ಷಗಳ ಮಧುಮೇಹ ಇರುವವರಲ್ಲಿ ಆ ಕೂಗೂ ಮಂದ.

ಕೋವಿಡ್‌ನ ಆರಂಭದಲ್ಲಿ ಹಲವರ ಶ್ವಾಸಕೋಶ ಇನ್ನೂ ಮೆತ್ತಗಿತ್ತು, ಹಿಗ್ಗುತ್ತಿತ್ತು. ಆಮ್ಲಜನಕಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಸಲೀಸಾಗಿ ಪೊರೆ ದಾಟುವ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಇತ್ತು. ಅತ್ತ ಅದೂ ಏರಲಿಲ್ಲ, ಇತ್ತ ಎದೆಯೂ ಬಿಗಿಯಲಿಲ್ಲ. ಹಾಗಾಗಿ ಮಿದುಳಿಗೆ ದೂರು ಮುಟ್ಟಲಿಲ್ಲ.

ಇದೇ ಕಾರಣಕ್ಕೆ ಇನ್ನೂ ಕೆಲವು ಕಡೆ ಎಚ್ಚರ ಬೇಕು. ಬೆಂಗಳೂರಿನಂಥ ಊರುಗಳಲ್ಲಿ ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಏದುಸಿರು ತರುವುದಿಲ್ಲ. ತಲೆನೋವು, ವಾಕರಿಕೆ, ಆಮೇಲೆ ಕುಸಿತ. ಕೆರಾಟಿಡ್ ಕಾಯಗಳು ನೋಡುವುದು ರಕ್ತದಲ್ಲಿ ಕರಗಿರುವ ಆಮ್ಲಜನಕದ ಒತ್ತಡವನ್ನು, ಅದಕ್ಕೆ ಏನೂ ಆಗಿರುವುದಿಲ್ಲ. ಸಾಮಾನ್ಯ ಆಕ್ಸಿಮೀಟರ್ ಕೂಡ 98 ಎಂದೇ ತೋರಿಸುತ್ತದೆ. ಮ್ಯಾನ್‌ಹೋಲ್, ಮಲದ ಗುಂಡಿ, ಪಾಳುಬಾವಿಗಳದ್ದೂ ಇದೇ ಕಥೆ: ಆಮ್ಲಜನಕ ತೀರಾ ಕಡಿಮೆ ಇರುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹೊರಬಿಡಲು ಅಡ್ಡಿಯಿರದಿದ್ದರೆ, ಉಸಿರುಗಟ್ಟಿದ ಭಾವನೆ ಬರುವ ಮೊದಲೇ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಬಿದ್ದವರನ್ನು ಎತ್ತಲು ಹಿಂದೆಯೇ ಇಳಿದವರೂ ಸಾಯುವುದು ಹೀಗೆ. ‘ಉಸಿರು ಕಟ್ಟಿದರೆ ಹತ್ತಿ ಬರ್ತೀನಿ’ ಎಂಬ ಲೆಕ್ಕಾಚಾರ ಅಲ್ಲಿ ನಡೆಯುವುದಿಲ್ಲ. ಇಳಿಯಬೇಡಿ, ಅಗ್ನಿಶಾಮಕ ದಳವನ್ನು ಕರೆಯಿರಿ.

ಅಸ್ತಮಾದಲ್ಲೂ ಕೆಲವರಿಗೆ ಈ ಗ್ರಹಿಕೆ ಮೊಂಡಾಗಿರುತ್ತದೆ. ನಾಳ ಅರ್ಧ ಮುಚ್ಚಿದ್ದರೂ ‘ಪರವಾಗಿಲ್ಲ’ ಎನ್ನುತ್ತಾರೆ. ಇಂಥವರು ಊದಿದ ಗಾಳಿಯ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಇಟ್ಟುಕೊಂಡು ಬೆಳಗ್ಗೆ, ಸಂಜೆ ಊದಿ ಬರೆದಿಡಬೇಕು. ತಮ್ಮದೇ ಅತ್ಯುತ್ತಮ ಅಂಕಿಯ ಶೇ 80ರ ಮೇಲಿದ್ದರೆ ಸರಿ, ಶೇ 50ರ ಕೆಳಗೆ ಬಂದರೆ ಹೇಗೇ ಅನಿಸುತ್ತಿರಲಿ, ಆಸ್ಪತ್ರೆಗೆ.

ಆಕ್ಸಿಮೀಟರ್ ಬಳಸುವ ಮುನ್ನ ಐದು ನಿಮಿಷ ಕೂತಿರಿ, ಕೈ ಬೆಚ್ಚಗಿರಲಿ, ಉಗುರಿಗೆ ಬಣ್ಣವಾಗಲಿ ಮೆಹಂದಿಯಾಗಲಿ ಇಲ್ಲದ ಬೆರಳು ಆರಿಸಿ, ಅಂಕಿ ನೆಲೆ ನಿಲ್ಲುವ ತನಕ ಅರ್ಧ ನಿಮಿಷವಾದರೂ ಅಲುಗಾಡಿಸಬೇಡಿ. ಎರಡು ಮೂರು ಅಂಕಿಯ ಹೆಚ್ಚುಕಮ್ಮಿ ಯಂತ್ರಕ್ಕೆ ಸಹಜ. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ತುಸು ಹೆಚ್ಚೇ ತೋರಿಸಬಹುದು.

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ನೋವಿನ ಸುದ್ದಿ ಮಿದುಳಿಗೆ ಹೋಗಲು ನರಗಳ ದಾರಿಯಿದೆ ಎಂದು ಪಾಠದಲ್ಲಿದೆ. ಏದುಸಿರಿಗೆ ಮಿದುಳಿನಲ್ಲಿ ಜಾಗ ಯಾವುದು? — ಮಂಗಳೂರಿನ ಓದುಗರು

ಉತ್ತರ: ಲಯ ಹುಟ್ಟುವ ಜಾಗ ಬೇರೆ, ಅನುಭವವಾಗುವ ಜಾಗ ಬೇರೆ. ಲಯದ ಮೂಲ ಮೆಡುಲ್ಲಾದಲ್ಲಿರುವ ಪ್ರಿ-ಬಾಟ್ಝಿಂಗರ್ ಸಂಕೀರ್ಣ ಎಂಬ ನರಕೋಶಗಳ ಗುಂಪು, 1991ರಲ್ಲಿ ಗುರುತಿಸಿದ್ದು. ಅನುಭವ ಹುಟ್ಟುವುದು ಮಿದುಳಿನ ಮೇಲಿನ ಭಾಗಗಳಲ್ಲಿ. ಶ್ವಾಸಕೋಶದ ಸುದ್ದಿ ಒಯ್ಯುವ ವೇಗಸ್ ನರದಿಂದ, ಎದೆಗೂಡಿನ ಸ್ನಾಯುಗಳಿಂದ ಬರುವ ಸುದ್ದಿ ಥಲಾಮಸ್ ದಾಟಿ ಎರಡು ಹಾದಿ ಹಿಡಿಯುತ್ತದೆ. ಒಂದು ಸಂವೇದನಾ ಕಾರ್ಟೆಕ್ಸಿಗೆ: ಎಷ್ಟು ಜೋರು, ಎಲ್ಲಿ ಬಿಗಿತ. ಇನ್ನೊಂದು ಇನ್ಸುಲಾ, ಮುಂಭಾಗದ ಸಿಂಗ್ಯುಲೇಟ್, ಭಯದ ಪ್ರತಿಕ್ರಿಯೆಗೆ ಹೆಸರಾದ ಅಮಿಗ್ಡಲಾಗಳಿಗೆ: ಎಷ್ಟು ಅಸಹನೀಯ. ಗಾಳಿಯ ಹಸಿವು ಹುಟ್ಟಿಸಿ ಮಿದುಳಿನ ಚಿತ್ರ ತೆಗೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬೆಳಗುವುದು ಇನ್ಸುಲಾದ ಮುಂಭಾಗ. ನೋವಿಗೂ ಬಾಯಾರಿಕೆಗೂ ಅದೇ ಪ್ರದೇಶ ಬೆಳಗುತ್ತದೆ, ಆದ್ದರಿಂದ ಅದನ್ನು ‘ಏದುಸಿರಿನ ಕೇಂದ್ರ’ ಎಂದು ಟಿಪ್ಪಣಿಯಲ್ಲಿ ಬರೆದುಕೊಳ್ಳಬೇಡಿ.

ಪಠ್ಯಕ್ಕಿಂತ ಹೆಚ್ಚು ಕಲಿಸುವುದು ಮೂರು ಪ್ರಯೋಗಗಳು. 1954ರಲ್ಲಿ ಅಮೆರಿಕದ ಫೌಲರ್ ಎಂಬುವರು, ಉಸಿರು ಹಿಡಿದು ಇನ್ನು ಸಾಧ್ಯವಿಲ್ಲ ಎಂಬಲ್ಲಿಗೆ ಮುಟ್ಟಿದವರಿಗೆ ಆಮ್ಲಜನಕ ಶೇ 8ರಷ್ಟು, ಇಂಗಾಲದ ಡೈಆಕ್ಸೈಡ್ ಶೇ 7.5ರಷ್ಟು ಇದ್ದ ಕೆಟ್ಟ ಗಾಳಿಯನ್ನು ಉಸಿರಾಡಲು ಕೊಟ್ಟರು. ರಕ್ತದ ಸ್ಥಿತಿ ಸುಧಾರಿಸುವ ಪ್ರಶ್ನೆಯೇ ಇಲ್ಲ. ಆದರೂ ಅವರಿಗೆ ಹಾಯೆನಿಸಿತು, ಮತ್ತೊಮ್ಮೆ ಉಸಿರು ಹಿಡಿದರು. ಎದೆ ಅಲುಗಿದ್ದೇ ಸಮಾಧಾನ ಕೊಟ್ಟಿತ್ತು. ಎರಡನೆಯದು 1990ರದ್ದು: ಔಷಧ ಕೊಟ್ಟು ಸ್ನಾಯುಗಳನ್ನೆಲ್ಲ ನಿಶ್ಚಲಗೊಳಿಸಿ ವೆಂಟಿಲೇಟರ್ ಮೇಲಿಟ್ಟ ಸ್ವಯಂಸೇವಕರಲ್ಲಿ ಇಂಗಾಲದ ಡೈಆಕ್ಸೈಡ್ ಏರಿಸಿದಾಗ ತೀವ್ರ ಗಾಳಿಯ ಹಸಿವು ಕಾಣಿಸಿಕೊಂಡಿತು. ಒಂದು ಸ್ನಾಯುವೂ ದುಡಿಯುತ್ತಿರಲಿಲ್ಲ. ಮುಂದೆ ಐಸಿಯುನಲ್ಲಿ ಕೆಲಸ ಮಾಡುವ ನಿಮಗೆ ಇದು ಮುಖ್ಯ: ವೆಂಟಿಲೇಟರ್ ಮೇಲೆ ಅಲುಗಾಡದೆ ಮಲಗಿರುವ ರೋಗಿಗೆ ಉಸಿರು ಸಾಲದೆನಿಸುತ್ತಿರಬಹುದು, ಹೇಳಲಾಗುತ್ತಿರುವುದಿಲ್ಲ. ಎಚ್ಚರವಿದ್ದವರನ್ನು ‘ಗಾಳಿ ಸಾಕಾಗ್ತಿದೆಯಾ?’ ಎಂದೇ ಕೇಳಿ. ನೋವಿದೆಯಾ ಎಂದು ಮಾತ್ರ ಕೇಳಿ ಮುಗಿಸುವುದು ರೂಢಿ.

ಮೂರನೆಯದು 2013ರದ್ದು. ಎರಡೂ ಕಡೆಯ ಅಮಿಗ್ಡಲಾ ಹಾಳಾಗಿ ಹಾವು, ಹಲ್ಲೆ ಯಾವುದಕ್ಕೂ ಹೆದರದ ಮಹಿಳೆಯೂ, ಅದೇ ಬಗೆಯ ಹಾನಿಯಿದ್ದ ಇನ್ನಿಬ್ಬರೂ ಶೇ 35ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆಸಿದ ಗಾಳಿಯನ್ನು ಒಮ್ಮೆ ಎಳೆದುಕೊಂಡಾಗ ತೀವ್ರ ಗಾಬರಿಗೆ ಒಳಗಾದರು. ಉಸಿರುಗಟ್ಟುವ ಭಯಕ್ಕೆ ಅಮಿಗ್ಡಲಾ ಬೇಕೇಬೇಕೆಂದಿಲ್ಲ ಎಂದಾಯಿತು.

ಪ್ರಶ್ನೆ: ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಸರಿ. ಏಕೆ? — ತುಮಕೂರಿನ ಓದುಗರು

ಉತ್ತರ: ಮೊದಲು ಹೃದಯ ತೋರಿಸಿಕೊಳ್ಳಿ. ಮಲಗಿದಾಗ ಕಾಲಿನಲ್ಲಿದ್ದ ರಕ್ತ ಎದೆಗೆ ಮರಳುತ್ತದೆ. ಹೃದಯ ಸೋತಿದ್ದರೆ ಅದು ಶ್ವಾಸಕೋಶದ ಲೋಮನಾಳಗಳಲ್ಲಿ ಒತ್ತಡ ಏರಿಸಿ ದ್ರವ ಜಿನುಗಿಸುತ್ತದೆ. ಆ ಜಾಗದಲ್ಲಿ ಕುಳಿತು ಇದನ್ನು ವೇಗಸ್ ನರದ ಮೂಲಕ ಮಿದುಳಿಗೆ ಮುಟ್ಟಿಸುವ ‘ಜೆ’ ಗ್ರಾಹಕಗಳನ್ನು ಕಂಡುಹಿಡಿದವರು ನಮ್ಮವರೇ, ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿದ್ದ ಅವತಾರ್ ಸಿಂಗ್ ಪೈಂಟಲ್. ಎಷ್ಟು ದಿಂಬು ಬೇಕಾಗುತ್ತಿದೆ, ಮಲಗಿದ ಒಂದೆರಡು ಗಂಟೆಯಲ್ಲಿ ಉಸಿರುಗಟ್ಟಿ ಎಚ್ಚರವಾಗುತ್ತದೆಯೇ, ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದರೆ ಗುಳಿ ಉಳಿಯುತ್ತದೆಯೇ, ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿತೇ — ಇವನ್ನು ಬರೆದುಕೊಂಡು ಹೋಗಿ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಬೇಕಾಗುತ್ತವೆ. ನೊರೆ ಕಫ ಬಂದರೆ ಬೆಳಗಿನವರೆಗೆ ಕಾಯಬೇಡಿ.

ಪ್ರಶ್ನೆ: 29 ವರ್ಷ. ಎಷ್ಟು ಆಳವಾಗಿ ಎಳೆದರೂ ಉಸಿರು ತುಂಬಿದಂತಾಗುವುದಿಲ್ಲ. ಪದೇ ಪದೇ ನಿಟ್ಟುಸಿರು, ಆಕಳಿಕೆ, ಬೆರಳು ಜುಮುಜುಮು. ಎಲ್ಲ ಪರೀಕ್ಷೆಯೂ ಸರಿಯಿದೆ ಅಂದಿದ್ದಾರೆ. — ಬೆಂಗಳೂರಿನ ಓದುಗರು

ಉತ್ತರ: ‘ಎಲ್ಲ ಪರೀಕ್ಷೆ’ಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಎಕ್ಸ್-ರೇ, ಇಸಿಜಿ, ಸ್ಪೈರೋಮೆಟ್ರಿ ಇದ್ದವೇ ನೋಡಿ. ಇದ್ದು, ತೊಂದರೆ ಮೆಟ್ಟಿಲು ಹತ್ತುವಾಗ ಇಲ್ಲದೆ ಸುಮ್ಮನೆ ಕೂತಾಗಲೇ ಬರುತ್ತದೆ, ನಿದ್ದೆಯಲ್ಲಿ ಇರುವುದಿಲ್ಲ ಎಂದಾದರೆ, ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡುತ್ತಿರುವ ಸಾಧ್ಯತೆ ಹೆಚ್ಚು.

ಆರೋಗ್ಯವಂತರೂ ಸುಮಾರು ಐದು ನಿಮಿಷಕ್ಕೊಮ್ಮೆ ಅರಿವಿಲ್ಲದೆ ನಿಟ್ಟುಸಿರು ಬಿಡುತ್ತಾರೆ. ಕುಸಿದ ಗಾಳಿಗೂಡುಗಳನ್ನು ತೆರೆಯಲು ಅದು ಬೇಕು. ಅದೇ ನಿಮಿಷಕ್ಕೊಂದು ಎರಡಾದರೆ ಇಂಗಾಲದ ಡೈಆಕ್ಸೈಡ್ ಮಟ್ಟ ಇಳಿದೇ ಇರುತ್ತದೆ. ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರ, ರಕ್ತದಲ್ಲಿ ಬಿಡಿ ಕ್ಯಾಲ್ಸಿಯಂ ತಗ್ಗಿ ಬೆರಳು, ತುಟಿಯ ಸುತ್ತ ಜುಮುಜುಮು. ಎದೆ ಮೊದಲೇ ತುಂಬಿರುವುದರಿಂದ ಇನ್ನೂ ಎಳೆಯಲು ಹೊರಟರೆ ಅದರ ಬಿರುಸಾದ ಕೊನೆಯ ಭಾಗಕ್ಕೆ ತಾಗುತ್ತೀರಿ. ನಿರೀಕ್ಷಿಸಿದ ಹಿಗ್ಗು ಸಿಗುವುದಿಲ್ಲ. ಸಿಗಲಿಲ್ಲವೆಂದು ಮತ್ತೆ ಎಳೆಯುತ್ತೀರಿ.

‘ಆಳವಾಗಿ ಉಸಿರಾಡಿ’ ಎಂಬ ಜನಪ್ರಿಯ ಸಲಹೆ ನಿಮಗೆ ತಿರುಗುಬಾಣ. ದಿನಕ್ಕೆರಡು ಸಲ ಹತ್ತು ನಿಮಿಷ, ಒಂದು ಕೈ ಹೊಟ್ಟೆಯ ಮೇಲಿಟ್ಟು, ಮೂಗಿನಿಂದ ಸದ್ದಿಲ್ಲದೆ, ಸಣ್ಣದಾಗಿ ಮೂರು ನಾಲ್ಕು ಸೆಕೆಂಡು ಎಳೆದು ಐದಾರು ಸೆಕೆಂಡು ಬಿಡಿ. ನಿಟ್ಟುಸಿರು ಉಕ್ಕಿ ಬಂದಾಗ ಒಮ್ಮೆ ಎಂಜಲು ನುಂಗಿ, ಮೂರು ನಾಲ್ಕು ಸೆಕೆಂಡು ತಡೆದು, ಸಣ್ಣ ಉಸಿರಿನಿಂದ ಮುಂದುವರಿಯಿರಿ. ಮೊದಲ ವಾರ ಗಾಳಿಯ ಹಸಿವು ತುಸು ಹೆಚ್ಚಿದಂತೆಯೇ ಅನಿಸಬಹುದು, ಏಕೆಂದರೆ ಕಡಿಮೆ ಮಟ್ಟಕ್ಕೆ ಒಗ್ಗಿದ ವ್ಯವಸ್ಥೆಗೆ ಸರಿಯಾದ ಮಟ್ಟವೇ ಏರಿಕೆಯಾಗಿ ಕಾಣುತ್ತದೆ. ಅಲ್ಲಿಗೇ ಬಿಟ್ಟುಬಿಡುವವರು ಬಹಳ. ಕಾಗದದ ಚೀಲಕ್ಕೆ ಬಾಯಿ ಹಚ್ಚಿ ಉಸಿರಾಡುವ ಹಳೆಯ ಉಪಾಯ ಬೇಡ. ಕಾರಣ ಅಸ್ತಮಾವೋ ಹೃದಯಾಘಾತವೋ ಆಗಿದ್ದರೆ ಆಮ್ಲಜನಕ ಇಳಿದು ಪ್ರಾಣಕ್ಕೆ ಬರುತ್ತದೆ.

ಪ್ರಶ್ನೆ: ಕ್ಯಾನ್ಸರ್ ಇರುವ ಅತ್ತೆಗೆ ಮುಖಕ್ಕೆ ಫ್ಯಾನ್ ಹಿಡಿದರೆ ಉಸಿರು ಹಗುರವಂತೆ. ಬರೀ ಭ್ರಮೆಯೇ? — ಶಿವಮೊಗ್ಗದ ಓದುಗರು

ಉತ್ತರ: ಅಲ್ಲ. ಕೆನ್ನೆ, ಮೂಗು, ತುಟಿಗಳಿಂದ ಹೊರಡುವ ಟ್ರೈಜೆಮಿನಲ್ ನರ ತಂಪು ಗಾಳಿಯ ಹರಿವನ್ನು ಮಿದುಳಿಗೆ ತಿಳಿಸುತ್ತದೆ, ಮಿದುಳು ಅದನ್ನು ಗಾಳಿ ಬರುತ್ತಿದೆ ಎಂಬ ಪುರಾವೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮುಖಕ್ಕೆ ಹಿಡಿದಾಗಲೂ ಕಾಲಿಗೆ ಹಿಡಿದಾಗಲೂ ಹೋಲಿಸಿ ನೋಡಿದ ಅಧ್ಯಯನದಲ್ಲಿ ಮುಖದ ಗಾಳಿಯೇ ಗೆದ್ದಿತು. ಬ್ಯಾಟರಿಯ ಕೈಫ್ಯಾನನ್ನು ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದು, ಮೂಗು ಬಾಯಿಯ ಸುತ್ತ ನಿಧಾನ ಆಡಿಸುತ್ತಾ ಐದು ನಿಮಿಷ ಬಿಡಿ. ಸೀಲಿಂಗ್ ಫ್ಯಾನ್ ಸಾಲದು, ಅದರ ಗಾಳಿ ಕೆನ್ನೆಗೆ ನೇರ ತಾಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದ ಮೇಲೆ ಗಾಳಿ ಹಿಡಿದರೆ ಇನ್ನೂ ತಂಪು.

ಅದೂ ಸಾಲದಾದಾಗ ಅತಿ ಕಡಿಮೆ ಪ್ರಮಾಣದ ಮಾರ್ಫಿನ್‌ನಿಂದ ಕೆಲವರಿಗೆ ಅನುಕೂಲವಾಗುತ್ತದೆ. ಅದು ಶ್ವಾಸಕೋಶವನ್ನು ಮುಟ್ಟದೆ ಮಿದುಳಿನಲ್ಲಿ ಉಸಿರಾಟದ ಒತ್ತಾಯವನ್ನೂ ಅಸಹನೀಯತೆಯನ್ನೂ ತಗ್ಗಿಸುತ್ತದೆ. ಎಲ್ಲರಿಗೂ ಫಲಿಸುವುದಿಲ್ಲ: ಸಿಒಪಿಡಿ ರೋಗಿಗಳ 2022ರ ಅಧ್ಯಯನದಲ್ಲಿ ನಿರೀಕ್ಷಿತ ಲಾಭ ಕಾಣಲಿಲ್ಲ. ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್ ವೈದ್ಯರ ಚೀಟಿ, ಜೊತೆಗೆ ಮಲಬದ್ಧತೆಗೆ ಔಷಧ ಮೊದಲ ದಿನದಿಂದಲೇ ಬೇಕು.

ಪ್ರಶ್ನೆ: ಮಗ ಈಜುಕೊಳದಲ್ಲಿ ಹೆಚ್ಚು ಹೊತ್ತು ಮುಳುಗಿರಲು ಮುಂಚೆ ಜೋರಾಗಿ ಹತ್ತಿಪ್ಪತ್ತು ಸಲ ಉಸಿರಾಡುತ್ತಾನೆ. ಸರಿಯೇ? — ಮೈಸೂರಿನ ಓದುಗರು

ಉತ್ತರ: ಇಂದೇ ನಿಲ್ಲಿಸಿ. ಹಾಗೆ ಉಸಿರಾಡಿದರೆ ಆಮ್ಲಜನಕದ ದಾಸ್ತಾನು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಇಂಗಾಲದ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಮೇಲೆ ಬಾ ಎಂಬ ಒತ್ತಾಯ ತಡವಾಗಿ ಬರುತ್ತದೆ. ಅದಕ್ಕೆ ಮುಂಚೆಯೇ ಆಮ್ಲಜನಕ ಮುಗಿದು ನೀರಿನಡಿಯಲ್ಲೇ ಪ್ರಜ್ಞೆ ಹೋಗುತ್ತದೆ. ಒದ್ದಾಟವಿರುವುದಿಲ್ಲ, ದಡದಲ್ಲಿದ್ದವರಿಗೆ ಈಜುತ್ತಿದ್ದಾನೆ ಎಂದೇ ಕಾಣುತ್ತದೆ. ಚೆನ್ನಾಗಿ ಈಜು ಬಲ್ಲವರೇ ಹೀಗೆ ಸಾಯುತ್ತಾರೆ. ಮುಳುಗುವ ಮುನ್ನ ಸಾಮಾನ್ಯ ಉಸಿರು ಒಂದೆರಡು ಸಾಕು. ಒಬ್ಬನೇ ಇರುವಾಗ, ಪಂದ್ಯ ಕಟ್ಟಿಕೊಂಡಾಗ ಅದೂ ಬೇಡ.

ಯಾವಾಗ 108ಕ್ಕೆ ಕರೆ ಮಾಡಬೇಕು ಎಂದು ಹಲವರು ಕೇಳಿದ್ದಾರೆ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ಕೂತಿದ್ದಾಗಲೂ ನಿಮಿಷಕ್ಕೆ 25ಕ್ಕಿಂತ ಹೆಚ್ಚು ಉಸಿರಿದ್ದರೆ, ತುಟಿ ನೀಲಿಗಟ್ಟಿದರೆ, ಎದೆನೋವು ಜೊತೆಗಿದ್ದರೆ, ಒಂದೇ ಕಾಲು ಊದಿದವರಿಗೆ ಏಕಾಏಕಿ ಉಸಿರು ಕಟ್ಟಿದರೆ, ಆಕ್ಸಿಮೀಟರ್ 92ಕ್ಕಿಂತ, ಸಿಒಪಿಡಿಯವರಲ್ಲಿ 88ಕ್ಕಿಂತ ಕೆಳಗೆ ನಿಂತರೆ. ಒದ್ದಾಡುತ್ತಿದ್ದ ದಮ್ಮಿನ ರೋಗಿ ಇದ್ದಕ್ಕಿದ್ದಂತೆ ಶಾಂತವಾಗಿ ತೂಕಡಿಸತೊಡಗಿದರೆ ಗುಣವಾಯಿತೆಂದು ಹೊದಿಸಿ ಮಲಗಿಸಬೇಡಿ. ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಏರಿ ಮಿದುಳನ್ನೇ ಮಂಕಾಗಿಸಿರುತ್ತದೆ, ಆ ಹೊತ್ತಿಗೆ ದೂರು ಹೇಳುವವರೇ ಇರುವುದಿಲ್ಲ.